ಗಿಟಾರಿನ ನಮಸ್ಕಾರ

ವೇದಿಕೆಗೆ ಬಂದ ಹೊಸ ಗಿಟಾರಿಗೆ ಜಂಬವೋ ಜಂಬ. "ನನ್ನ ಹೊಟ್ಟೆಯೊಳಗೇ ಯಂತ್ರವಿದೆ, ಅಜ್ಜಿ. ಕತ್ತು ಮೇಲೆತ್ತಿದರೆ ಸ್ವರ ಮಾರ್ದನಿಸುತ್ತದೆ, ಕೆಳಗಿಳಿಸಿದರೆ ಗುಡುಗುತ್ತದೆ. ನಿಮಗೇನು ಬರುತ್ತದೆ?" ಎಂದು ಪಕ್ಕದ ಮುದಿ ತಂಬೂರಿಯನ್ನು ಕೇಳಿತು.

"ಭುಜಕ್ಕೆ ಒರಗಿಕೊಳ್ಳುವುದು ಬರುತ್ತದಪ್ಪ," ಎಂದಿತು ತಂಬೂರಿ.

ಕಛೇರಿ ಮುಗಿಯಿತು. ಗಿಟಾರು ನುಡಿಸಿದ ಅನಿರುದ್ಧ ಅದನ್ನು ಕೊರಳಿನಿಂದ ತೆಗೆಯದೆ ಹಾಗೆಯೇ ಗುರುಗಳ ಕಾಲಿಗೆರಗಿದ. ಗಿಟಾರಿನ ಕತ್ತು ನೆಲದತ್ತ ವಾಲಿತು, ತಂತಿಗೆ ಮೊಣಕೈ ತಗುಲಿತು. ಸಭಾಂಗಣವೆಲ್ಲ ನಡುಗುವಂತೆ ಗುಡುಗಿತು. ಹರಸಲು ಎತ್ತಿದ್ದ ಕೈಗಳಿಂದ ಗುರುಗಳು ಕಿವಿ ಮುಚ್ಚಿಕೊಂಡರು.

"ನನ್ನದೇನು ತಪ್ಪು? ನಾನು ಬಾಗಿ ನಮಸ್ಕರಿಸಿದೆನಲ್ಲ!" ಎಂದು ಗಿಟಾರು ಗೊಣಗಿತು.

"ನಮಸ್ಕರಿಸಿದೆ ಕಂದಾ, ಯಾರು ಇಲ್ಲವೆಂದರು?" ಎಂದಿತು ತಂಬೂರಿ. "ಊರಿಗೆಲ್ಲ ಕೇಳಿಸುವ ಹಾಗೆ ನಮಸ್ಕರಿಸಿದೆ."