ಆನೆಯ ಕಿವಿಯಲ್ಲಿ ಹೇಳಿದ್ದು

ಮರ ಹತ್ತಲಾಗದ ಮರಿಯಿದ್ದವರಿಗೆ ದಿನಾ ಒಂದು ಪಾಲು ಹಣ್ಣು ಕೊಡುವುದು ಆ ಕಾಡಿನ ಕಟ್ಟಳೆ. ಹೆಂಡತಿ ಸತ್ತ ಒಂದು ಕೋತಿ, ಆ ಪಾಲು ಕೇಳಲು ಮಗಳನ್ನು ಹೊತ್ತುಕೊಂಡು ಪಾಲು ಹಂಚುವ ಆನೆಯ ಹತ್ತಿರ ಬಂತು. ಮಗಳ ಕಾಲುಗಳಲ್ಲಿ ಹುಟ್ಟಿನಿಂದಲೇ ಬಲವಿರಲಿಲ್ಲ. ಅವಳನ್ನು ಬಿಟ್ಟು ಹಣ್ಣಿಗೆ ಹೋಗಲಾಗದೆ ಇಬ್ಬರಿಗೂ ಅರೆಹೊಟ್ಟೆ.

“ಮಗಳು ಮರ ಹತ್ತುತ್ತಾಳೇನಪ್ಪ?” ಎಂದು ಆನೆ ಕೇಳಿತು.

“ಹತ್ತುತ್ತಾಳೆ, ಸ್ವಾಮಿ.”

“ಹಾಗಾದರೆ ಪಾಲಿಲ್ಲ.”

ಕೋತಿ ತಲೆ ತಗ್ಗಿಸಿ ತಿರುಗಿತು. ಮಗಳು ಹಿಡಿದು ಹಿಡಿದು ಅದರ ಬೆನ್ನಿನ ಕೂದಲೆಲ್ಲ ಉದುರಿತ್ತು.

“ನಿಲ್ಲು. ಸುಳ್ಳು ಯಾಕೆ ಹೇಳಿದೆ?” ಎಂದು ಅದನ್ನು ಕಂಡ ಆನೆ ಕೇಳಿತು.

ಕೋತಿ ಬೆನ್ನ ಮೇಲಿದ್ದ ಮಗಳ ಕಡೆ ಕಣ್ಣು ಹೊರಳಿಸಿತು.

ಆನೆ ಅವಳನ್ನು ಸೊಂಡಿಲಿನಿಂದ ಎತ್ತಿ ಅತ್ತಿಮರದ ಕೊಂಬೆಯ ಮೇಲೆ ಕೂರಿಸಿತು. “ಹಣ್ಣು ತಿನ್ನು, ತಾಯಿ,” ಎಂದಿತು. ಆಮೇಲೆ ಮಂಡಿಯೂರಿ ಕೋತಿಗೆ ಕಿವಿ ಕೊಟ್ಟಿತು. “ಈಗ ಹೇಳು.”

“ಮಗಳೆದುರು ‘ಇವಳಿಗೆ ಆಗಲ್ಲ’ ಅನ್ನಬೇಡಿ ಅಂತ ಇವಳಮ್ಮ ಸಾಯುವಾಗ ಮಾತು ತಗೊಂಡಳು. ಆದರೆ ಆಗಲ್ಲ, ಸ್ವಾಮಿ. ನನಗೂ ಆಗ್ತಿಲ್ಲ.”

“ಇಷ್ಟು ಹೇಳಿದ್ದರೆ ಸಾಕಿತ್ತಲ್ಲೋ. ನಾಳೆಯಿಂದ ಪಾಲು ನಿನ್ನ ಮರದ ಬುಡಕ್ಕೇ ಬರುತ್ತದೆ.”

“ಅಪ್ಪಾ, ಇಲ್ಲಿಂದ ಹೊಳೆ ಕಾಣುತ್ತೆ!” ಎಂದು ಮಗಳು ಮೇಲಿಂದ ಕೂಗಿದಳು.

“ನೋಡು ಮಗಳೇ, ಅವಸರ ಏನಿಲ್ಲ,” ಎಂದು ಕೋತಿ ನೆಲದ ಮೇಲೆ ಕಾಲು ಚಾಚಿ ಕೂತಿತು.