ಎಲ್ಲಾ ಒಪ್ಪಿಕೊಂಡ ಉಡಚಪ್ಪ

ಅಲ್ರೀ ಅಳಿಯಂದ್ರ, ಚಪ್ಪಲಿ ಬಾರ ಕಡದಾವ್ರು ಯಾರಂತ ಕೇಳಿದ್ರಿ, ಉಡಚಪ್ಪಜ್ಜ ಅಂತ ಹೇಳಿದ್ವಿ. ಮತ್ತ ಕೇಳಿದ್ರಿ, ಮತ್ತ ಅದನ್ನ ಹೇಳಿದ್ವಿ. ಉಡಚಪ್ಪಜ್ಜ ಸತ್ತು ಮಣ್ಣಾಗಿ ಯಾವ ಕಾಲಾತೋ, ಅದೂ ಖರೇನ. ಆದ್ರೂ ಕಡದಾಂವ ಅವನ. ನೀವು ಈ ಕೇರಿಗೆ ಹೊಸಬರು. ಆ ಕೋಲು ಕೆಳಗ ಇಡ್ರಿ, ನಾಯಿನ್ನ ಬಿಡ್ರಿ, ಕೂಡ್ರಿ. ಚಾ ಬರತೈತಿ. ಅಲ್ಲೀತನಕ ಕೇಳ್ರಿ.

ಭಾಳ ಭಾಳ ಹಿಂದ, ಹಳ್ಳದ ದಂಡಿ ಮ್ಯಾಲೆ ಒಂದೂರಿತ್ತಂತ. ಊರ ಹೊರಗ ಒಂದು ಕೇರಿ. ಕೇರಿ ಸುತ್ತ ಸರಕಾರ ಮುಳ್ಳತಂತಿ ಹಾಕಿತ್ತಂತ. ಒಳಗಿನ ಮಂದಿ ಈಚಲ ಬುಟ್ಟಿ ಹೆಣೀತಿದ್ರು, ಕಸಬರಿಗಿ ಕಟ್ಟತಿದ್ರು, ಮಾರತಿದ್ರು. ಆದ್ರ ಕಾಯ್ದೆ ಬ್ಯಾರೇನ ಹೇಳತಿತ್ತು. ಈ ಜಾತ್ಯಾಗ ಹುಟ್ಟಿದಾವ್ರು ಹುಟ್ಟಾ ಕಳ್ಳರು ಅಂತ ಕಾಯ್ದೆ. ಕೂಸು ಹುಟ್ಟಿ ಅಳೂದ್ರೊಳಗ ಕಳ್ಳ ಆಗಿರತಿತ್ತು, ಇನ್ನ ಹಲ್ಲ ಬಂದಿರತಿರಲಿಲ್ಲ. ದೊಡ್ಡಾವ್ರು ಮುಂಜಾನಿ ಸಂಜಿ ಠಾಣೆಕ್ಕ ಹೋಗಿ ಹಾಜರಿ ಕೊಡಬೇಕು, ಎಡಗೈ ಹೆಬ್ಬೆಟ್ಟ ಒತ್ತಬೇಕು. ಪಕ್ಕದೂರಾಗ ಯಾರರೆ ಸತ್ರ ಮಣ್ಣಿಗೆ ಹೋಗಾಕೂ ಚೀಟಿ ಬೇಕು. ಚೀಟಿ ಸಿಗೂದ್ರೊಳಗ ಹೆಣ ಮಣ್ಣಾಗಿರತಿತ್ತು.

ಸುತ್ತಲ ಹಳ್ಳ್ಯಾಗ ಏನರೆ ಕಳೀಲಿ, ಫೌಜದಾರ ಬರತಿದ್ದದ್ದು ಈ ಕೇರಿಗೇ. ಕಳುವು ಎಲ್ಲಿ ಆತು, ಹೆಂಗ ಆತು ಅಂತ ನೋಡಾಕ ಹೋಗತಿರಲಿಲ್ಲ. ಅದು ದೂರ. ಈ ಕೇರಿ ಠಾಣೆಕ್ಕ ಹತ್ತಿರ. ಝಡತಿ ಅಂತ ಹೇಳಿ ಪೊಲೀಸರು ಮನಿ ಹೊಕ್ಕು ಜ್ವಾಳದ ಗಡಿಗಿ ಒಡೀತಿದ್ರು, ಕೌದಿ ಹರೀತಿದ್ರು, ಒಲಿ ಅಗೀತಿದ್ರು. ಎತ್ತು ಕಳದಿದ್ರೂ ಗಡಿಗ್ಯಾಗ ಕೈ ಹಾಕಿ ನೋಡತಿದ್ರಂತ. ಏನೂ ಸಿಗತಿರಲಿಲ್ಲ. ಸಿಗದಿದ್ರ ಫೌಜದಾರ, ಸಂಜೀ ಒಳಗ ಒಬ್ಬಾವನ್ನ ಕೊಡ್ರಿ, ಯಾರಾದ್ರೂ ನಡೀತೈತಿ ಅಂತ ಹೇಳಿ ಹೋಗತಿದ್ದ.

ಕೊಡದಿದ್ರ ಕೇರಿ ತುಂಬ ಲಾಠಿ. ಅದಕ್ಕ ಹಿರ್ಯಾರು ಕೂತು ಪಾಳಿ ಮಾಡಿದ್ರಂತ. ಬಾವಿ ನೀರಿಗೆ ಪಾಳಿ ಇರತೈತಲ್ಲ, ಹಂಗ ಜೇಲಿಗೆ ಪಾಳಿ. ಇವತ್ತ ಈ ಮನಿ, ಮುಂದಿನ ಸಲ ಆ ಮನಿ.

ಉಡಚಪ್ಪ ಬುಟ್ಟಿ ಹೆಣೀತಿದ್ದ. ಹೇಂತಿ ಸಂಕವ್ವ. ಮಕ್ಕಳಿರಲಿಲ್ಲ. ಅವನ ಪಾಳಿ ಬಂತು, ಹ್ವಾದ, ಒದಿಸಿಕೊಂಡು ಜೇಲು ಕಂಡು ಬಂದ. ಬಂದ ಮ್ಯಾಲೆ ನೋಡತಾನ, ಮುಂದಿನ ಪಾಳಿ ಮನಿ ತುಂಬ ಸಣ್ಣ ಮಕ್ಕಳಿದ್ದಾಂವಂದು. ಒಮ್ಮೆ ಹೋಗಿ ಬಂದಾವಗ ಹಾದಿ ಗೊತ್ತಿರತೈತಿ, ನಾನ ಹೊಕ್ಕೇನಿ ಅಂದ. ಅದರ ಮುಂದಿನ ಪಾಳಿನೂ ಹಂಗ ಆತು, ಅದರ ಮುಂದಿಂದೂ ಹಂಗ ಆತು.

ನಾಯಿ ಕಂಡ್ರ ಉಡಚಪ್ಪ ಹಾದಿ ಬಿಟ್ಟು ಗಿಡ ಏರತಿದ್ದನಂತ. ಅಂಥಾಂವ ನಾಯಿ ಇದ್ದ ಮನಿ, ನಾಯಿ ಇಲ್ಲದ ಮನಿ, ಎಲ್ಲಾ ಕದ್ದೇನಿ ಅಂತ ಒಪ್ಪಿಕೊಂಡ. ಗೌಡರ ಮನ್ಯಾಗ ತ್ವಾಳದ ಹಂಗಿರೋ ನಾಯಿ ಕಟ್ಟಿರತಾರ, ಅದನ್ನ ಹೆಂಗ ದಾಟಿದ್ಯೋ ಅಂತ ಸಂಕವ್ವ ಕೇಳಿದ್ಲು. ಅದಕ್ಕ ಒದಿಸಿಕೊಳ್ಳೂವಾಗ ಅಷ್ಟ ದೂರ ಯೋಚನೆ ಮಾಡಾಕ ಆಗೂದಿಲ್ಲ ಅಂದನಂತ.

ಒಮ್ಮೆ ಒಂದು ಎತ್ತು ಕದ್ದೆ ಅಂತ ಒಪ್ಪಿದ. ಇನ್ನೂ ಬಡೀತಿದ್ರು, ಅಷ್ಟರಾಗ ಎತ್ತು ತಾನ ಮೇದು ಮನಿಗೆ ಬಂತು. ಫೌಜದಾರ ಬಿಡಲಿಲ್ಲ. ಕದ್ದದ್ದನ್ನ ಹೇಳದ ಕೇಳದ ತಿರುಗಿ ಬಿಟ್ಟೀಯಲ್ಲ ಅಂತ ಮತ್ತ ಬಡದ. ಇನ್ನೊಮ್ಮೆ ಎರಡು ಊರಿನ ಕಳುವು ಒಂದ ದಿನ ಆಗಿದ್ದುವು. ಎರಡೂ ಉಡಚಪ್ಪನ ತಲಿಗೆ. ನಡುವ ಅಷ್ಟು ದೂರ ಇಂವ ಹೆಂಗ ಹ್ವಾದ ಅಂತ ನ್ಯಾಯ ಮಾಡೂ ಕಚೇರಿ ಸಾಹೇಬ ಕೇಳಿದ್ರ, ಈ ಜಾತಿಯವರು ಭಾಳ ಓಡತಾರ್ರಿ ಅಂದನಂತ ಫೌಜದಾರ. ಅವತ್ತಿನಿಂದ ಓಡೂದೂ ಕೇರಿಯವರ ತಪ್ಪಾತು. ಅಮಾಸಿ ದಿನ ಚಂದ್ರನ್ನ ಕದ್ದಾಂವನೂ ನಾನ ಅಂತ ಉಡಚಪ್ಪ ಹೆಬ್ಬೆಟ್ಟ ಒತ್ತಿದ್ದ ಅಂತಾರ. ಅದು ಖರೇನೋ ಸುಳ್ಳೋ. ಅಂತಾರ.

ಹಿಂಗಿರೂವಾಗ ಒಂದು ಸಂತಿ ದಿನ, ಹಾಡೇ ಹಗಲ ಹತ್ತಿ ಸಾವಕಾರನ್ನ ಯಾರೋ ಕೊಂದ್ರು. ಕೊಲಿ ಅಂದ್ರ ಜೇಲಲ್ಲ, ಗಲ್ಲು. ಫೌಜದಾರ ಕೇರಿಗೆ ಬಂದ, ಒಬ್ಬಾವ ಬೇಕು ಅಂದ. ಉಡಚಪ್ಪ ಇರಲಿಲ್ಲ. ಯಾವುದೋ ಆಡು ಕದ್ದೇನಿ ಅಂತ ಒಪ್ಪಿ, ಸಂತಿಗಿಂತ ಮೊದಲ ಠಾಣ್ಯಾಗ ಕುಂತಿದ್ದ. ಯಾರ ಪಾಳಿ ಅಂತ ಹಿರ್ಯಾರು ಮುಖ ಮುಖ ನೋಡಿಕೊಂಡ್ರು. ಎಲ್ಲಾ ಪಾಳಿ ಉಡಚಪ್ಪನ ಮಾಡಿ ಮಾಡಿ, ಪಾಳಿ ಯಾರ ಮನಿಗೆ ನಿಂತಿತ್ತು ಅನ್ನೂದ ಕೇರಿಗೆ ಮರತ ಹೋಗಿತ್ತು. ಫೌಜದಾರ ಕಾಯಲಿಲ್ಲ. ಬುಟ್ಟಿ ಹೊತ್ತುಕೊಂಡು ಹೊರಗ ಬಂದ ಲಗಮನ್ನ ಹಿಡಕೊಂಡು ಹ್ವಾದ. ಲಗಮ ಇನ್ನ ಹುಡುಗ. ಹೇಂತಿಗೆ ದಿನ ತುಂಬಿದ್ದುವು.

ಠಾಣ್ಯಾಗ ಒಂದ ಖೋಲಿ. ಲಗಮನ್ನ ತಂದು ಉಡಚಪ್ಪನ ಬಾಜೂ ಒಗದ್ರು. ನಾನ ಕೊಂದೆ ಅಂತ ಅಷ್ಟೊತ್ತಿಗೆ ಅವನ್ನ ಬಡದು ಒಪ್ಪಿಸಿಬಿಟ್ಟಿದ್ರು.

"ಕಾಕಾ," ಅಂದ ಲಗಮ, "ಅಕಿಗೆ ಗಂಡು ಹುಟ್ಟಿದ್ರೂ ಹೆಣ್ಣು ಹುಟ್ಟಿದ್ರೂ ನನಗ ಗೊತ್ತಾಗೂದಿಲ್ಲಲ್ಲೋ."

ಉಡಚಪ್ಪ ಎದ್ದು ಬಾಗಲಾ ಬಡದು ಫೌಜದಾರನ್ನ ಕರದ. ಸಾವಕಾರನ್ನ ಕೊಂದಾಂವ ನಾನು, ಈ ಹುಡುಗನ್ನ ಬಿಡ್ರಿ ಅಂದ. ಫೌಜದಾರ ಸೊಂಟದ ಕೀಲಿ ಎತ್ತಿ ತೋರಿಸಿದ.

"ಲೇ, ನೀ ಆಗ ಇಲ್ಲೇ ಇದ್ದೀಯಲ್ಲೋ. ನಾನ ಕೀಲಿ ಹಾಕೇನಿ."

ನೋಡ್ರಿ ಹೆಂಗೈತಿ. ಮಾಡದ ಕಳುವೆಲ್ಲಾ ಮಾಡೇನಿ ಅಂದಾಗ ನಂಬಿದ್ರು. ಆಗ ಮನ್ಯಾಗ ಮಲಗಿದ್ದೆ, ಹೊಲದಾಗಿದ್ದೆ ಅಂತ ಕೇರಿಯವರು ಹೇಳಿದ್ರ ಯಾರೂ ಕೇಳತಿರಲಿಲ್ಲ. ಈ ಸಲ ಇವನ ಪರವಾಗಿ ಸರಕಾರದ ಕೀಲೀನ ಸಾಕ್ಷಿ ಆತು. ಬ್ಯಾಡಂದ್ರೂ ಆತು.

ಕಚೇರಿ ದಿನ ಇಬ್ಬರನ್ನೂ ಸಾಹೇಬನ ಮುಂದ ನಿಲ್ಲಿಸಿದ್ರು. ಆಡಿನ ಮಾತು ಕೇಳೂದ್ರೊಳಗ ಉಡಚಪ್ಪ ಕೈ ಮುಗದು, ಸಾವಕಾರನ್ನ ಕೊಂದಾಂವ ನಾನ್ರಿ ಅಂದ. ಸಾಹೇಬ ಕಾಗದಾ ನೋಡಿದ, ಇವನ ಮುಖ ನೋಡಿದ.

"ಅವತ್ತ ನೀ ಠಾಣ್ಯಾಗಿದ್ದಿ. ಹೊರಗ ಹೆಂಗ ಹ್ವಾದಿ?"

"ಬಾಗಲದಿಂದ್ರಿ."

"ಕೀಲಿ?"

"ಹಾಕಿರಲಿಲ್ರಿ. ಹೋಗಿ ಕೆಲಸಾ ಮುಗಿಸಿ, ಊಟದ ಹೊತ್ತಿಗೆ ತಿರುಗಿ ಬಂದು ಕುಂತೆ."

ಕಚೇರ್ಯಾಗ ಒಬ್ಬಿಬ್ಬರು ನಕ್ರಂತ. ಫೌಜದಾರ ನಗಲಿಲ್ಲ. ಕೀಲಿ ಹಾಕಿರಲಿಲ್ಲ ಅಂದ್ರ ಅವನ ನೌಕರಿ ಹೊಕ್ಕೈತಿ. ಕೀಲಿ ಹಾಕಿತ್ರಿ, ಇಂವ ಖೊಟ್ಟಿ ಹೇಳತಾನ, ಇಂವಗ ಒಪ್ಪಿಕೊಳ್ಳೂ ಚಟಾ ಐತ್ರಿ ಅಂದ. ಸಾಹೇಬ ಲೇಖಣಿ ಕೆಳಗ ಇಟ್ಟನಂತ. ಅದೇ ಠಾಣ್ಯಾಗ ಒಬ್ಬಾವ ಖೊಟ್ಟಿ ಒಪ್ಪತಾನಂದ್ರ, ಇನ್ನೊಬ್ಬಾವ ಖರೇ ಒಪ್ಪ್ಯಾನ ಅಂತ ನಾ ಹೆಂಗ ನಂಬಲಿ ಅಂತ ಕೇಳಿದನಂತ.

ಲಗಮನ್ನ ಬಿಟ್ರು. ಮನಿ ಮುಟ್ಟೂದ್ರೊಳಗ ಹೆಣ್ಣು ಹುಟ್ಟಿತ್ತು. ಕಾಯ್ದೆ ಮಾತ್ರ ಹಂಗ ಇತ್ತು, ಆ ಕೂಸೂ ಹುಟ್ಟಾ ಕಳ್ಳಿ. ಸಾವಕಾರನ್ನ ಕೊಂದಾವ್ರು ಯಾರೋ, ಇವತ್ತಿಗೂ ಗೊತ್ತಿಲ್ಲ. ಅವನ ತಮ್ಮ ಅಂತ ಕೆಲವರು ಅಂತಾರ. ತಮ್ಮನ ಮನಿ ಝಡತಿ ಯಾರೂ ಮಾಡಲಿಲ್ಲ. ಅವನ ಗಡಿಗಿ ಎಲ್ಲಾ ಗಟ್ಟಿ ಇದ್ದುವು.

ಉಡಚಪ್ಪಗ ಕಚೇರ್ಯಾಗ ಸುಳ್ಳ ಹೇಳಿದ್ದಕ್ಕ ಶಿಕ್ಷಾ ಆತು. ಅಂವ ಹುಟ್ಟಿದ ಮ್ಯಾಲೆ ಖರೇ ಮಾಡಿದ ತಪ್ಪು ಅದೊಂದ. ಜೇಲು ಮುಗಿಸಿ ಬರೂವಾಗ ಫೌಜದಾರ ಅವನ್ನ ಠಾಣೆಕ್ಕ ಕರದ. ಬಾಗಲಾ ತೆರದಿತ್ತು ಅಂದಿ ಅಲ್ಲಾ, ಹಾಕತೇನಿ ನೋಡು ಅಂದ. ಉಡಚಪ್ಪನ ಎಡಗೈ ಹೆಬ್ಬೆಟ್ಟ ಬಾಗಲ ಸಂದ್ಯಾಗ ಇಟ್ಟು ಬಾಗಲಾ ಹಾಕಿದ್ರು.

ಮರುದಿನ ಹಾಜರಿಗೆ ಹ್ವಾದ್ರ ಒತ್ತಾಕ ಹೆಬ್ಬೆಟ್ಟ ಇಲ್ಲ. ಹೆಬ್ಬೆಟ್ಟ ಇಲ್ಲದಿದ್ರ ಹಾಜರಿ ಇಲ್ಲ. ಎದುರಿಗೆ ನಿಂತಾವನ್ನ ಬಂದಿಲ್ಲ ಅಂತ ಬರಕೊಂಡ್ರು. ಬಂದಿಲ್ಲ ಅಂತ ಜೇಲಿಗೆ ಒಯ್ದ್ರ, ಅಲ್ಲೂ ಹೆಬ್ಬೆಟ್ಟ ಇಲ್ಲದ ಒಳಗ ತಗೊಳ್ಳಲಿಲ್ಲ. ಅಲ್ಲಿಂದ ಮುಂದ ಉಡಚಪ್ಪ ಸರಕಾರದ ಲೆಕ್ಕದಾಗ ಎಲ್ಲೂ ಇರಲಿಲ್ಲ ಅಂತಾರ. ಬುಟ್ಟಿ ಹೆಣಿಯಾಕೂ ಆಗಲಿಲ್ಲ.

ಮುಳ್ಳತಂತಿ ಹೋತು, ಆ ಕಾಯ್ದೇನೂ ಹೋತು. ಆದ್ರ ಇವತ್ತಿಗೂ ಈ ಕೇರ್ಯಾಗ ಹಾಲು ಚೆಲ್ಲಲಿ, ಲಾಟೀನ ಒಡೀಲಿ, ಅಳಿಯಂದ್ರ ಚಪ್ಪಲಿ ಬಾರ ಹರೀಲಿ, ಯಾರು ಅಂತ ಕೇಳಿದ್ರ ಉಡಚಪ್ಪಜ್ಜ ಅಂತಾರ. ಆ ಹೆಸರು ಬಂದ ಮ್ಯಾಲೆ ಮತ್ತೊಮ್ಮೆ ಕೇಳಬಾರದು. ಯಾರ ಮ್ಯಾಲೂ ಕೈ ಎತ್ತಬಾರದು, ಮಗಾ ಆಗಲಿ, ಸೊಸಿ ಆಗಲಿ, ನಾಯಿ ಆಗಲಿ.

ಇದು ಸುರು ಆದದ್ದು ಉಡಚಪ್ಪನ ಮನ್ಯಾಗ ಅಂತ. ಹೆಬ್ಬೆಟ್ಟ ಹೋದ ದಿನ ಎಡಗೈಗೆ ಅರಿವಿ ಸುತ್ತಿಕೊಂಡು ಠಾಣೆಯಿಂದ ಮನಿಗೆ ಬಂದ. ಸಂಕವ್ವ ಒಡದ ಗಡಿಗಿ ಮುಂದ ನಿಂತಿದ್ಲು, ಬೆಕ್ಕು ಉರುಳಿಸಿತ್ತು. ಅಕಿ ಬಾಯಿ ತೆಗಿಯೂದ್ರೊಳಗ ಉಡಚಪ್ಪ ಹೊಸ್ತಿಲದಾಗ ನಿಂತು, ನಾನ ಒಡದೆ ಅಂದುಬಿಟ್ಟ.

ಸಂಕವ್ವ ಅವನ ಕೈ ನೋಡಿದ್ಲು. ಚೂರು ಒಂದು ಕಡೆ ಸರಿಸಿ, ಗಂಗಾಳಕ್ಕ ಅಂಬಲಿ ಹಾಕಿದ್ಲು.

"ಆತು, ನೀನ ಒಡದಿ," ಅಂದ್ಲು. "ಇಲ್ಲಿ ಯಾರೂ ನಿನ್ನ ಮತ್ತೊಮ್ಮೆ ಕೇಳೂದಿಲ್ಲ. ಕೂಡ್ರು, ನಾ ಉಣಸತೇನಿ."