ಹುಲಿಗೆಪ್ಪ ಕೊಡದ ಉತ್ತರ

"ಕೇಳ್ರಪ್ಪೋ ಕೇಳಿ, ಹೊನ್ನವಾಡಿಯ ಜನರೆಲ್ಲ ಕೇಳಿ. ಚಿಕ್ಕರಸು ಬೊಮ್ಮರಸರು ಮೂರು ತಿಂಗಳಿಂದ ತುಟಿ ಬಿಚ್ಚಿಲ್ಲ. ಅವರ ಮನಸ್ಸನ್ನು ಪರೀಕ್ಷಿಸಬಲ್ಲೆ ಎನ್ನುವವರು ಮೊದಲು ಅವರ ಅಕ್ಕ ಹೊನ್ನಾಂಬಿಕೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ಈ ದಿನ ಹೊತ್ತು ಮುಳುಗುವುದರೊಳಗೆ ಯಾರೂ ಗೆಲ್ಲದಿದ್ದರೆ, ಚಿಕ್ಕರಸರಿಗೆ ಹುಚ್ಚೆಂದು ತೀರ್ಮಾನಿಸಿ, ಕಾಲಿಗೆ ಬೇಡಿ ಹಾಕಿ ಕೋಟೆಯ ಕತ್ತಲೆಕೋಣೆಗೆ ಕಳಿಸಲಾಗುವುದು."

ಡಂಗುರದವನು ಮುಂದಿನ ಬೀದಿಗೆ ಹೋದ. ಊರಬಾಗಿಲ ಹತ್ತಿರ ಕೆರ ಹೊಲಿಯುತ್ತಿದ್ದ ಹುಲಿಗೆಪ್ಪ ಕೈಯಲ್ಲಿದ್ದ ದಬ್ಬಳ ಕೆಳಗಿಟ್ಟು ಎದ್ದ.

"ಎಲ್ಲಿಗೋ?" ತಾಯಿ ದ್ಯಾವವ್ವ ಕೇಳಿದಳು.

"ಅರಮನೆಗೆ, ಅವ್ವಾ."

"ಕೆರ ಹೊಲಿಯೋನಿಗೆ ಅರಮನೆ ಒಗಟು ಯಾಕಪ್ಪಾ? ಹೆಗಲ ಮೇಲೆ ತಲೆ ಭಾರ ಆಯ್ತಾ?"

"ಚಿಕ್ಕರಸರ ಪಾದ ಅಳೆದ ಕೈ ಇದು. ಆ ಕಾಲಿಗೆ ಬೇಡಿ ಬೀಳೋದು ನೋಡಿಕೊಂಡು ಹೇಗೆ ಕೂತಿರಲಿ?"

ದ್ಯಾವವ್ವ ಕಣ್ಣೊರೆಸಿಕೊಂಡು ಮಗನ ಹಣೆಗೆ ವಿಭೂತಿ ಹಚ್ಚಿದಳು. "ಕೊಟ್ಟವನೂ ಅವನೇ, ಕಾಯೋನೂ ಅವನೇ. ಹೋಗಿ ಬಾ."

ಸಭೆಯಲ್ಲಿ ಸಾಸಿವೆ ಹಾಕಲು ಜಾಗವಿರಲಿಲ್ಲ. ಮೊದಲು ಮಂತ್ರವಾದಿ ಕೆಂಚಾಚಾರಿ ಎದ್ದು ನಿಂತ. ಹೊನ್ನಾಂಬಿಕೆ ಒಂದು ಬಿಳಿ ಬಟ್ಟೆ ಬಿಡಿಸಿ ಹಿಡಿದಳು. ಮಸಿ ಚೆಲ್ಲಿ, ಮಡಚಿ, ಮತ್ತೆ ತೆರೆದ ಬಟ್ಟೆ ಅದು. ಎರಡು ಮಗ್ಗುಲಿಗೂ ಒಂದೇ ತೆರನ ಕಲೆ.

"ಇದರಲ್ಲಿ ಇರುವುದೇನು? ಇದು ಮೊದಲನೆಯದು. ಒಂದೇ ದಾರದಿಂದ ಒಬ್ಬನನ್ನೇ ಬೆಳಿಗ್ಗೆ ಅಳೆದರೆ ಒಂದು ಅಳತೆ, ಸಂಜೆ ಅಳೆದರೆ ಇನ್ನೊಂದು. ಸುಳ್ಳು ಯಾರದು? ಇದು ಎರಡನೆಯದು. ನೀವು ಪರೀಕ್ಷಿಸಿದವರಲ್ಲಿ, ಈ ಸಭೆಯಲ್ಲಿ ಕುಳಿತಿರುವ ಯಾರ ಗುಟ್ಟು ಎಲ್ಲಕ್ಕಿಂತ ದೊಡ್ಡದು? ಇದು ಮೂರನೆಯದು."

"ಇದರಲ್ಲಿರುವುದು ಬ್ರಹ್ಮರಾಕ್ಷಸ," ಎಂದ ಕೆಂಚಾಚಾರಿ. "ಸುಳ್ಳು ಅಳೆಸಿಕೊಂಡವನದು. ಗುಟ್ಟೆಂದರೆ, ಲೆಕ್ಕ ಬರೆಯುವ ನಮ್ಮ ಸೇನಬೋವರಿಗೆ ಸತ್ತ ಅತ್ತೆ ಇನ್ನೂ ಬೈಯುವುದು ಕೇಳಿಸುತ್ತದೆ."

ಸಭೆ ಗೊಳ್ಳೆಂದಿತು. "ತಪ್ಪು," ಎಂದಳು ಹೊನ್ನಾಂಬಿಕೆ. ಭಟರು ಅವನನ್ನು ಸೆರೆಗೆ ಎಳೆದೊಯ್ದರು.

ರಾಜವೈದ್ಯ ತಿಮ್ಮಾಭಟ್ಟರು ಶಾಲು ಸರಿಮಾಡಿಕೊಂಡು ಬಂದರು. ಚಿಕ್ಕರಸರಿಗೆ ಹುಚ್ಚೆಂದು ಮೊದಲು ಹೇಳಿದವರು ಅವರೇ. "ಇದು ಬಾವಲಿ, ತಾಯಿ. ಸುಳ್ಳು ದಾರದ್ದು, ಎಳೆದರೆ ಹಿಗ್ಗುತ್ತದಲ್ಲ. ಗುಟ್ಟು ಕೇಳಿದಿರಾ? ಇಪ್ಪತ್ತು ಯುದ್ಧ ಗೆದ್ದ ನಮ್ಮ ದಳವಾಯಿಗಳು ಹಲ್ಲಿ ಕಂಡರೆ ಮಂಚ ಹತ್ತುತ್ತಾರೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲಿಗೆಪ್ಪನಿಗೆ ನಗು ಬರಲಿಲ್ಲ. ದಳವಾಯಿಯ ತಗ್ಗಿದ ತಲೆಯನ್ನೇ ಅವನು ನೋಡುತ್ತಿದ್ದ.

"ತಪ್ಪು."

"ಹೇಳಿದ ಗುಟ್ಟು ನಿಜ, ತಾಯಿ."

"ನಿಜವೇ. ಆದರೂ ತಪ್ಪು." ಭಟರು ಅವರನ್ನೂ ಸೆರೆಗೆ ಒಯ್ದರು.

ಕಿಟಕಿಯ ಬಿಸಿಲು ಕೆಂಪಾಗುತ್ತಿತ್ತು. ಹುಲಿಗೆಪ್ಪ ಮುಂದೆ ಬಂದ. "ಕೆರ ಬಿಡೋ ಜಾಗ ಹೊರಗಿದೆ ಕಣೋ," ಎಂದು ಯಾರೋ ಹಂಗಿಸಿದರು. ಅವನು ಶಿವನನ್ನು ನೆನೆದು ಬಟ್ಟೆ ನೋಡಿದ.

"ನನಗೆ ಒಣಗಲು ಹರವಿದ ತೊಗಲು ಕಾಣುತ್ತದೆ, ತಾಯಿ. ಆದರೆ ಅದು ನನ್ನ ಕಣ್ಣಲ್ಲಿರುವುದು. ಬಟ್ಟೆಯಲ್ಲಿ ಬರೀ ಮಸಿಯಿದೆ."

"ಎರಡನೆಯದು?"

"ಸುಳ್ಳು ಯಾರದೂ ಅಲ್ಲ. ದಿನವೆಲ್ಲ ನಡೆದ ಪಾದ ಸಂಜೆಗೆ ಊದಿಕೊಳ್ಳುತ್ತದೆ. ಒಂದೇ ಸಲ ಅಳೆದು ಹೊಲಿದರೆ ಕೆರ ಕಚ್ಚುತ್ತದೆ."

ಹೊನ್ನಾಂಬಿಕೆ ಬಟ್ಟೆ ಮಡಚಿಟ್ಟಳು.

"ಮೂರನೆಯದು. ಇಲ್ಲಿರುವ ಎಷ್ಟೋ ಜನರ ಪಾದ ಅಳೆದಿದ್ದೀಯ. ಯಾರ ಪಾದದಲ್ಲಿ ಮುಚ್ಚಿಟ್ಟ ಊನವಿದೆ?"

ಸಿಂಹಾಸನದ ಮೇಲೆ ಅರಸ ಸಿರಿಯಣ್ಣಭೂಪ ಮೆಲ್ಲನೆ ಎಡಗಾಲನ್ನು ನಿಲುವಂಗಿಯೊಳಗೆ ಎಳೆದುಕೊಂಡ. ಹುಲಿಗೆಪ್ಪ ನೆಲ ನೋಡಿದ.

"ಗೊತ್ತು, ತಾಯಿ. ಹೇಳಲಾರೆ."

"ಹೇಳದಿದ್ದರೆ ತಲೆ ಹೋಗುತ್ತದೆ."

"ತಲೆ ನನ್ನದು, ಕೊಡಬಹುದು. ಆ ಗುಟ್ಟು ನನ್ನದಲ್ಲ."

ಭಟ ಕತ್ತಿ ಹಿರಿದ. ಹುಲಿಗೆಪ್ಪ ಕಣ್ಣು ಮುಚ್ಚಿ ಕೈ ಮುಗಿದ. ಹೊನ್ನಾಂಬಿಕೆ ಪೀಠದಿಂದ ಓಡಿ ಇಳಿದು ಬಂದು ಕತ್ತಿಗೆ ಅಡ್ಡ ನಿಂತಳು.

"ಇದೇ ಸರಿಯುತ್ತರ, ಅಪ್ಪಾಜಿ. ಕಲೆಯಲ್ಲಿ ತನಗೆ ಕಂಡದ್ದನ್ನು ಇನ್ನೊಬ್ಬರ ಮೇಲೆ ಹೊರಿಸದವನು ಬೇಕಿತ್ತು. ಒಂದು ದಿನದ ಅಳತೆಗೆ ಹುಚ್ಚೆಂದು ಹಣೆಪಟ್ಟಿ ಕಟ್ಟದವನು ಬೇಕಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಗುಟ್ಟು ಕಾಯುವವನು ಬೇಕಿತ್ತು. ನನ್ನ ತಮ್ಮ ವೈದ್ಯರನ್ನು ನಂಬಿ ತನ್ನ ಮನಸ್ಸಿನ ನೋವು ಹೇಳಿಕೊಂಡ. ಸಂಜೆಗೆ ಕುದುರೆಲಾಯದವರೂ ಅದನ್ನು ಆಡಿಕೊಂಡು ನಗುತ್ತಿದ್ದರು. ಅಂದಿನಿಂದ ಅವನು ಮಾತಾಡಿಲ್ಲ."

ಕತ್ತಿ ಇಳಿಸುವಂತೆ ಅರಸ ಭಟನಿಗೆ ಕೈಸನ್ನೆ ಮಾಡಿ, "ಬೇಡಿಕೋ, ಮಗಾ," ಎಂದ.

"ಸೋತ ಆ ಇಬ್ಬರ ತಲೆ ಉಳಿಸಿ, ಬುದ್ಧಿ. ಆಮೇಲೆ ನನಗೊಂದು ಕೋಣೆ. ಒಳಗಿನಿಂದ ಅಗುಳಿ ಹಾಕುವ ಬಾಗಿಲಿರಲಿ."

ಎರಡೂ ಸಿಕ್ಕವು. ಏಳು ದಿನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬೊಮ್ಮರಸರು ಆ ಕೋಣೆಯಲ್ಲಿ ಹುಲಿಗೆಪ್ಪನ ಎದುರು ಕುಳಿತರು. ಎಂಟನೆಯ ದಿನ ತಾವೇ ನಡೆದು ಊಟದ ಮನೆಗೆ ಬಂದು, "ಅಕ್ಕಾ, ಮಜ್ಜಿಗೆ ಅನ್ನ ಇದೆಯಾ?" ಎಂದರು. ಹೊನ್ನಾಂಬಿಕೆಯ ಕೈಯಿಂದ ಸೌಟು ಜಾರಿತು. ಅರಸ ಹುಲಿಗೆಪ್ಪನಿಗೆ ಅರಮನೆಯ ಮಗ್ಗುಲಲ್ಲೇ ಮನೆ ಕಟ್ಟಿಸಿ, ಮನಸ್ಸು ನೊಂದವರನ್ನೆಲ್ಲ ಮೊದಲು ಅವನ ಬಳಿಗೇ ಕಳಿಸಬೇಕೆಂದು ಅಪ್ಪಣೆ ಕೊಟ್ಟ.

ಆ ಏಳು ದಿನ ಚಿಕ್ಕರಸರು ಏನು ಹೇಳಿದರೆಂದು ಈ ಕತೆ ಹೇಳುವ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ನನಗೂ ಗೊತ್ತಿಲ್ಲ. ಹೇಳಿದವರಿಗೆ ಗೊತ್ತು, ಕೇಳಿದವನಿಗೆ ಗೊತ್ತು, ಎಲ್ಲರೊಳಗಿರುವ ಆ ಶಿವನಿಗೆ ಗೊತ್ತು. ಮೂವರೂ ಯಾರಿಗೂ ಹೇಳಲಿಲ್ಲ.